ಅಂಚಿನ ಮೊಟ್ಟೆ: ಐದೇ ಹಕ್ಕಿ ಉಳಿದಿದ್ದ ಒಂದು ಪ್ರಕರಣ

ನ್ಯೂಜಿಲೆಂಡ್ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಬ್ಲ್ಯಾಕ್ ರಾಬಿನ್ ಅನ್ನೋ ಒಂದು ಪುಟ್ಟ ಕರಿ ಹಕ್ಕಿಯ ಕೇಸು ಇದು. ಎಲ್ಲರೂ ಇದನ್ನ "ಐದರಿಂದ ಇನ್ನೂರೈವತ್ತು ಆಯ್ತು, ಗೆದ್ರು" ಅಂತ ಎರಡು ಸಾಲಲ್ಲಿ ಹೇಳಿ ಮುಗಿಸ್ತಾರೆ, ಫೋಟೋ ಹಾಕ್ತಾರೆ, ಚಪ್ಪಾಳೆ. ಗೆದ್ದಿದ್ದು ನಿಜಾನೇ, ಇಲ್ಲ ಅನ್ನಲ್ಲ. ಆದ್ರೆ ನನಗೆ ಈ ಕೇಸಲ್ಲಿ ತುಂಬಾ ದಿನ ತಲೆ ತಿಂದಿದ್ದು ಗೆದ್ದ ಭಾಗ ಅಲ್ಲ, ಗೆಲ್ತಾ ಇರೋವಾಗ ಯಾರಿಗೂ ಗೊತ್ತಾಗದೆ ನಡೆದುಹೋದ ಒಂದು ಸಣ್ಣ ತಪ್ಪು. ತಪ್ಪು ಅನ್ನೋಕೂ ಮನಸ್ಸು ಬರಲ್ಲ, ಆ ಜಾಗದಲ್ಲಿ ನೀವಿದ್ರೂ ನಾನಿದ್ರೂ ಅದನ್ನೇ ಮಾಡ್ತಿದ್ವಿ.

ಪ್ರಕರಣ ಅಧ್ಯಯನ ಅಂದ್ಮೇಲೆ ಹೆಸರು ಮುಚ್ಚಿಡಬೇಕು, ಅದು ನಿಯಮ. ಇಲ್ಲಿ ಆ ಕೆಲಸ ಸುಲಭ, ಯಾಕಂದ್ರೆ ಮುಖ್ಯ ಪಾತ್ರಗಳಿಗೆ ಹೆಸರೇ ಇರ್ಲಿಲ್ಲ, ಕಾಲಿಗೆ ಹಾಕಿದ ಬಳೆಯ ಬಣ್ಣ ಮಾತ್ರ ಇತ್ತು. ನೀಲಿ ಬಳೆಯವಳು ಹಳೇ ನೀಲಿ, ಹಳದಿ ಬಳೆಯವನು ಹಳೇ ಹಳದಿ. ಕೆಲಸ ಮಾಡಿದ ಮನುಷ್ಯರನ್ನ ನಾನು ಬರೀ "ತಂಡ" ಅಂತಲೇ ಕರೀತೀನಿ, ಮುಂದಾಳು ಒಬ್ಬರನ್ನ ಬಿಟ್ಟು. ಅವರ ಹೆಸರು ಲೋಕಕ್ಕೇ ಗೊತ್ತು, ಡಾನ್ ಮರ್ಟನ್, ನ್ಯೂಜಿಲೆಂಡ್ ಸರ್ಕಾರದ ವೈಲ್ಡ್‌ಲೈಫ್ ಸರ್ವಿಸ್‌ನವರು, 2011ರಲ್ಲಿ ತೀರಿಕೊಂಡ್ರು.

ಹಿನ್ನೆಲೆ

ನ್ಯೂಜಿಲೆಂಡಿನ ಮುಖ್ಯ ಭೂಮಿಯಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ಸಮುದ್ರ ದಾಟಿದ್ರೆ ಚಾಟಮ್ ದ್ವೀಪಗಳು ಅಂತ ಸಿಗುತ್ತೆ. ಅಲ್ಲಿನ ಗಡಿಯಾರ ಕೂಡ ಬೇರೆ, ಮುಖ್ಯ ಭೂಮಿಗಿಂತ 45 ನಿಮಿಷ ಮುಂದೆ. ಸದಾ ಗಾಳಿ, ಮೋಡ, ಬಾಗಿಕೊಂಡೇ ಬೆಳೆದ ಕುಳ್ಳ ಮರಗಳು. ಅಲ್ಲಿನ ಕಾಡಲ್ಲಿ ಇದ್ದಿದ್ದು ಈ ಬ್ಲ್ಯಾಕ್ ರಾಬಿನ್. ನಮ್ಮೂರ ಬಯಲಲ್ಲಿ ಬಾಲ ಎತ್ತಿ ಕುಣಿಯೋ ಇಂಡಿಯನ್ ರಾಬಿನ್ ಇದ್ಯಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ. ಇದು ಕೊಕ್ಕಿಂದ ಕಾಲಿನವರೆಗೆ ಪೂರ್ತಿ ಕರಿ, ಹದಿನೈದು ಸೆಂಟಿಮೀಟರ್ ಉದ್ದ, ತೂಕ 25 ಗ್ರಾಂ ಒಳಗೆ. ಕಾಡಿನ ನೆಲದ ತರಗೆಲೆ ಮೇಲೆ ಕುಪ್ಪಳಿಸ್ತಾ ಹುಳ ಜಿರಲೆ ಹೆಕ್ಕಿ ತಿನ್ನೋದು. ಮನುಷ್ಯರನ್ನ ಕಂಡ್ರೆ ಭಯಾನೂ ಅಷ್ಟಾಗಿ ಇಲ್ಲ, ಹತ್ರ ಬಂದು ನೋಡುತ್ತೆ.

ಭಯ ಇಲ್ಲದಿರೋದೇ ಈ ದೇಶದ ಜೀವಿಗಳ ಕಥೆ. ನ್ಯೂಜಿಲೆಂಡಲ್ಲಿ ಬಾವಲಿ ಬಿಟ್ರೆ ನೆಲದ ಮೇಲೆ ಓಡಾಡೋ ಸಸ್ತನಿಗಳೇ ಇರ್ಲಿಲ್ಲ. ಲಕ್ಷಾಂತರ ವರ್ಷ ಅಲ್ಲಿನ ಹಕ್ಕಿಗಳಿಗೆ ವೈರಿ ಅಂದ್ರೆ ಮೇಲಿಂದ ಬರೋ ಬೇರೆ ಹಕ್ಕಿ ಮಾತ್ರ, ಅದಕ್ಕೆ ಅಲ್ಲಾಡದೆ ಸುಮ್ನೆ ಕೂತ್ರೆ ಸಾಕಿತ್ತು. ಆಮೇಲೆ ದೋಣಿ ಹಡಗುಗಳಲ್ಲಿ ಇಲಿ ಬಂತು, ಬೆಕ್ಕು ಬಂತು, ಮೂಗಲ್ಲಿ ವಾಸನೆ ಹಿಡಿದು ಬೇಟೆಯಾಡೋ ಪ್ರಾಣಿ ಮುಂದೆ ಅಲ್ಲಾಡದೆ ಕೂತ್ರೆ ಏನಾಗುತ್ತೆ, ತಟ್ಟೆಗೆ ಬಡಿಸಿದ ಹಾಗೆ. ಚಾಟಮ್ ಮುಖ್ಯ ದ್ವೀಪದಲ್ಲಿ ರಾಬಿನ್ ಹೋಯ್ತು, ಪಿಟ್ ದ್ವೀಪದಲ್ಲಿ ಹೋಯ್ತು, ಮಾಂಗೆರೆ ಅನ್ನೋ 113 ಹೆಕ್ಟೇರ್ ದ್ವೀಪದಲ್ಲಿ ಮೊಲದ ಕಾಟ ತಡೆಯೋಕೆ ಅಂತ 1890ರ ದಶಕದಲ್ಲಿ ಬೆಕ್ಕು ಬಿಟ್ಟಿದ್ರು, ಅಲ್ಲೂ ಹೋಯ್ತು. ಮೊಲಕ್ಕೆ ಅಂತ ತಂದ ಬೆಕ್ಕು ಹಕ್ಕಿ ತಿನ್ನಲ್ಲ ಅಂತ ಯಾರು ಹೇಳಿದ್ರೋ ಗೊತ್ತಿಲ್ಲಪ್ಪ.

ಕೊನೆಗೆ ಉಳಿದಿದ್ದು ಒಂದೇ ಜಾಗ, ಲಿಟಲ್ ಮಾಂಗೆರೆ. ದ್ವೀಪ ಅನ್ನೋದಕ್ಕಿಂತ ಸಮುದ್ರದಿಂದ ನೆಟ್ಟಗೆ ಎದ್ದ ಬಂಡೆ ಅನ್ನಬೇಕು, ಸುತ್ತ ಕಡಿದಾದ ಗೋಡೆ, ನೆತ್ತಿ ಮೇಲೆ ಒಂದಿಷ್ಟು ಕುರುಚಲು ಕಾಡು. ಬೆಕ್ಕು ಹತ್ತೋಕೆ ಆಗ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅಲ್ಲಿ ಹಕ್ಕಿ ಬದುಕಿತ್ತು. ಪೂರ್ತಿ ಹೋಯ್ತು ಅಂದ್ಕೊಂಡಿದ್ದ ಹಕ್ಕಿನ 1938ರಲ್ಲಿ ಚಾರ್ಲ್ಸ್ ಫ್ಲೆಮಿಂಗ್ ಅನ್ನೋ ವಿಜ್ಞಾನಿ ಅಲ್ಲಿ ಹತ್ತಿ ಮತ್ತೆ ಕಂಡ್ರು. ಕಂಡ್ರು, ಬರ್ಕೊಂಡ್ರು, ಆಮೇಲೆ ದಶಕಗಳು ಹಂಗೇ ಉರುಳಿ ಹೋದ್ವು.

ಇನ್ನೊಂದು ವಿಷಯ ಇಲ್ಲೇ ಹೇಳ್ಬೇಕು, ಇಲ್ದಿದ್ರೆ ಮುಂದೆ ತಂಡ ಅಷ್ಟು ಅವಸರ ಯಾಕೆ ಮಾಡ್ತು ಅಂತ ಅರ್ಥ ಆಗಲ್ಲ. 1964ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ತುದಿಯ ಬಿಗ್ ಸೌತ್ ಕೇಪ್ ದ್ವೀಪಕ್ಕೆ ಹಡಗಿನ ಇಲಿ ನುಗ್ಗಿದ ಸುದ್ದಿ ಬಂತು. ಇಲಿಯಿಂದ ಅಂಥದ್ದೇನಾಗುತ್ತೆ, ಕಾದು ನೋಡೋಣ ಅಂದೋರು ಆವಾಗ ದೊಡ್ಡ ದೊಡ್ಡ ತಜ್ಞರೇ. ಹೋಗಿ ನೋಡೋ ಹೊತ್ತಿಗೆ ಕಾಡು ಮೌನ. 36 ಸ್ಯಾಡಲ್‌ಬ್ಯಾಕ್ ಹಕ್ಕಿಗಳನ್ನ ಹಿಡಿದು ಇಲಿ ಇಲ್ಲದ ದ್ವೀಪಗಳಿಗೆ ಸಾಗಿಸಿದ್ರು, ಆ ಜಾತಿ ಉಳೀತು. ಆದ್ರೆ ಅಲ್ಲಿದ್ದ ಬುಷ್ ರೆನ್, ಸ್ನೈಪ್ ಅನ್ನೋ ಹಕ್ಕಿಗಳು, ಒಂದು ದೊಡ್ಡ ಬಾವಲಿ, ಮೂರೂ ಕೈ ತಪ್ಪಿ ಹೋದ್ವು. ಆ ಸಾಗಾಟದಲ್ಲಿ ಮರ್ಟನ್ ಇದ್ರು. ಒಂದು ಜಾತಿ ಪೂರ್ತಿ ಮುಗಿಯೋದನ್ನ ಕಣ್ಣಾರೆ ಕಂಡೋರು, ಮುಂದೆ ಯಾರಾದ್ರೂ "ಕಾದು ನೋಡೋಣ" ಅಂದ್ರೆ ಅವರ ಕಿವಿಗೆ ಹೇಗೆ ಕೇಳಿಸಿರಬೇಡ.

ಸಮಸ್ಯೆ

1970ರ ದಶಕದ ಶುರುವಲ್ಲಿ ತಂಡ ಲಿಟಲ್ ಮಾಂಗೆರೆ ಹತ್ತಿ ಒಂದೊಂದು ಹಕ್ಕಿಗೂ ಬಣ್ಣದ ಬಳೆ ಹಾಕಿ ಎಣಿಸಿದ್ರು. 1972ರಲ್ಲಿ 18. 1976ರ ಹೊತ್ತಿಗೆ 7. ಅಲ್ಲಿ ಬೆಕ್ಕೂ ಇಲ್ಲ, ಇಲಿನೂ ಇಲ್ಲ, ಹಂಗಾದ್ರೆ ಹಕ್ಕಿ ಎಲ್ಲಿಗೆ ಹೋಯ್ತು? ಕಾಡೇ ಸಾಯ್ತಾ ಇತ್ತು. ಇರೋದೇ ಅಂಗೈಯಗಲ ಕಾಡು, ಅದ್ರಲ್ಲೂ ಹೆಲಿಕಾಪ್ಟರ್ ಇಳಿಸೋಕೆ ಅಂತ ಒಂದಷ್ಟು ಕಡಿದಿದ್ರು, ಮಧ್ಯೆ ಕಿಂಡಿ ಬಿದ್ಮೇಲೆ ಉಪ್ಪು ಗಾಳಿ ಒಳಗೆ ನುಗ್ಗಿ ಮರಗಳು ಒಣಗ್ತಾ ಹೋದ್ವು.

ಪಕ್ಕದ ಮಾಂಗೆರೆಯಲ್ಲಿ ಅಷ್ಟೊತ್ತಿಗೆ ಬೆಕ್ಕುಗಳು ತಾವೇ ಸತ್ತು ಮುಗಿದಿದ್ವು, ಕುರಿಗಳನ್ನ 1968ರಲ್ಲಿ ಖಾಲಿ ಮಾಡಿದ್ರು, ಅಕೀಕೆ ಅನ್ನೋ ಸ್ಥಳೀಯ ಮರದ ಸಸಿ ನೆಡೋ ಕೆಲಸ ಶುರುವಾಗಿತ್ತು, ಒಟ್ಟು 1,20,000 ಸಸಿ. ಲೆಕ್ಕ ಏನು ಅಂದ್ರೆ ಮರ ಬೆಳೆದ ಮೇಲೆ ಹಕ್ಕಿ ತಂದು ಬಿಡೋದು. ಒಳ್ಳೇ ಲೆಕ್ಕಾನೇ. ಮರಕ್ಕೆ ಹತ್ತು ಹದಿನೈದು ವರ್ಷ ಬೇಕು, ಹಕ್ಕಿ ಹತ್ರ ಹತ್ತು ಹದಿನೈದು ತಿಂಗಳೂ ಇದೆಯೋ ಇಲ್ವೋ ಅನ್ನೋ ಹಂಗಿತ್ತು.

ಇದು ಮೊದಲನೇ ತಿರುವು. ಎಲ್ಲ ತಯಾರಿ ಆಗೋವರೆಗೂ ಕಾಯೋದಾ, ಅರ್ಧಂಬರ್ಧ ತಯಾರಿಯಲ್ಲೇ ನುಗ್ಗೋದಾ. ಏಳೇ ಹಕ್ಕಿ ಇರೋವಾಗ ಬಲೆ ಹಾಕಿ ಹಿಡಿಯೋದು, ಡಬ್ಬಿಯಲ್ಲಿ ಹಾಕಿ ಬೆನ್ನಿಗೆ ಕಟ್ಕೊಂಡು ಆ ಕಡಿದಾದ ಬಂಡೆ ಇಳಿಯೋದು, ಕೆಳಗೆ ಅಲೆಗೆ ಕುಣಿಯೋ ದೋಣಿಗೆ ಕೊಡೋದು, ಎಲ್ಲಿ ಕೈ ಜಾರಿದ್ರೂ ಒಂದು ಜಾತಿಯ ಏಳನೇ ಒಂದು ಭಾಗ ನೀರುಪಾಲು. 1976ರ ಸೆಪ್ಟೆಂಬರಲ್ಲಿ ಐದನ್ನ ಇಳಿಸಿದ್ರು, ಉಳಿದ ಎರಡನ್ನ 1977ರಲ್ಲಿ. ಏಳೂ ಮಾಂಗೆರೆಗೆ ಜೀವಂತವಾಗಿ ಬಂದು ಸೇರಿದ್ವು. ಅಲ್ಲಿ ಹಳೇ ಕಾಡಿನ ಒಂದು ಸಣ್ಣ ತುಂಡು ಉಳಿದಿತ್ತು, ಅದ್ರೊಳಗೆ ಬಿಟ್ರು.

ಜೊತೆಗೆ ಇನ್ನೊಂದು ಕೆಲಸಾನೂ ಮಾಡಿದ್ರು. ಮಾಂಗೆರೆಯಲ್ಲಿ ಟಾಮ್‌ಟಿಟ್ ಅಂತ ರಾಬಿನ್‌ನ ಹತ್ತಿರದ ಬಂಧು ಹಕ್ಕಿ ಇತ್ತು, ಅದೂ ಹುಳ ತಿನ್ನೋದೇ. ಊಟಕ್ಕೆ ಪೈಪೋಟಿ ಆಗುತ್ತೆ ಅಂತ ಅವುಗಳನ್ನ ದ್ವೀಪದಿಂದ ತೆಗೆದುಹಾಕಿದ್ರು. ಇದನ್ನ ನೆನಪಿಟ್ಕೊಳ್ಳಿ.

ಜಾಗ ಬದಲಾಯಿಸಿದ್ರೆ ಸರಿ ಹೋಗುತ್ತೆ ಅಂದ್ಕೊಂಡಿದ್ರು, ಹೋಗ್ಲಿಲ್ಲ. ದೊಡ್ಡವು ವಯಸ್ಸಾಗಿ ಸಾಯ್ತಾ ಇದ್ವು, ಆ ಜಾಗ ತುಂಬೋಕೆ ಸಾಕಾಗೋವಷ್ಟು ಮರಿ ಆಗ್ತಿರ್ಲಿಲ್ಲ. 1980ಕ್ಕೆ 5. ಅದ್ರಲ್ಲಿ ಹೆಣ್ಣು ಎರಡೇ, ಮರಿ ಮಾಡ್ತಾ ಇದ್ದಿದ್ದು ಅವೆರಡರಲ್ಲಿ ಒಂದೇ, ಹಳೇ ನೀಲಿ. ಇವಳು ಹುಟ್ಟಿದ್ದು 1970ರಲ್ಲಿ, ಈ ಹಕ್ಕಿಗಳು ಸಾಮಾನ್ಯವಾಗಿ ಐದಾರು ವರ್ಷ ಬದುಕಿದ್ರೆ ಹೆಚ್ಚು, ಅಂದ್ರೆ ಲೆಕ್ಕದ ಪ್ರಕಾರ ಇವಳ ಆಯಸ್ಸು ಎಂದೋ ಮುಗಿದಿತ್ತು. ಮೊದಲಿನ ಗಂಡನ ಜೊತೆ ಸಂಸಾರ ಸರಿ ಬರ್ದೆ ಅವನನ್ನ ಬಿಟ್ಟು ಹಳೇ ಹಳದಿ ಜೊತೆ ಸೇರಿದ್ಮೇಲೆ ಇವಳಿಗೆ ಮರಿ ಆಗೋಕೆ ಶುರುವಾಗಿದ್ದು. ನಮ್ಮ ಕಡೆ ಅಜ್ಜಿಯರು ಕೇಳಿದ್ರೆ "ಅಯ್ಯೋ ಋಣಾನುಬಂಧ ಕಣವ್ವ" ಅಂತಿದ್ರೇನೋ.

ಏನು ಮಾಡಿದ್ರು

ಸಮಸ್ಯೆ ಲೆಕ್ಕದ್ದು. ಈ ಹಕ್ಕಿ ಒಂದು ಸಲಕ್ಕೆ ಇಡೋದು ಎರಡೇ ಮೊಟ್ಟೆ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಬಾಣಂತನ. ಎಲ್ಲ ಸರಿ ಹೋದ್ರೂ ವರ್ಷಕ್ಕೆ ಎರಡು ಮರಿ, ಅದ್ರಲ್ಲಿ ಉಳಿಯೋದು ಎಷ್ಟೋ. ಮುದುಕಿ ಒಬ್ಬಳು ಎಷ್ಟು ವರ್ಷ ಅಂತ ಇಡ್ತಾಳೆ. ಆದ್ರೆ ಮೊದಲನೇ ಸಲದ ಮೊಟ್ಟೆ ಹಾಳಾದ್ರೆ ಅದು ಮತ್ತೆ ಗೂಡು ಕಟ್ಟಿ ಮತ್ತೆ ಇಡುತ್ತೆ. ಹಾವೋ ಗಾಳಿಯೋ ಕೆಡಿಸಿದಾಗ ಕೋಳಿ ಮತ್ತೆ ಕಾವಿಗೆ ಕೂರೋ ಹಾಗೆ. ಅಂದ್ರೆ ಮೊದಲ ಜೊತೆ ಮೊಟ್ಟೆನ ಬೇಕಂತಲೇ ಕದ್ದು ಬೇರೆ ಯಾರ ಗೂಡಲ್ಲಾದ್ರೂ ಇಟ್ರೆ ಅವು ಅಲ್ಲಿ ಬೆಳೀತವೆ, ಇವಳು ಇನ್ನೆರಡು ಇಡ್ತಾಳೆ.

ನಮಗೆ ಇದು ಹೊಸ ಐಡಿಯಾ ಏನಲ್ಲ ಬಿಡಿ, ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಹಾಯಾಗಿ ಹಾಡ್ಕೊಂಡಿರೋದನ್ನ ನೋಡ್ಕೊಂಡೇ ಬೆಳೆದಿದೀವಿ. ವ್ಯತ್ಯಾಸ ಇಷ್ಟೇ, ಕೋಗಿಲೆಗೆ ಸಾವಿರಾರು ವರ್ಷದ ಅಭ್ಯಾಸ ಇದೆ, ಅದರ ಮರಿಗೆ ಕಾಗೆ ಮನೆಯಲ್ಲಿ ಬೆಳೆದ್ರೂ ತಾನು ಕೋಗಿಲೆ ಅನ್ನೋದು ಮರೆಯಲ್ಲ. ರಾಬಿನ್‌ಗೆ ಆ ಅಭ್ಯಾಸ ಇಲ್ಲ. ಇದರ ಪೆಟ್ಟು ಮುಂದೆ ಗೊತ್ತಾಗುತ್ತೆ.

ಮೊದಲು ಆರಿಸಿದ್ದು ಮಾಂಗೆರೆಯಲ್ಲೇ ಇದ್ದ ಚಾಟಮ್ ವಾರ್ಬ್ಲರ್ ಅನ್ನೋ ಹಕ್ಕಿ. ಹತ್ರ ಇದೆ, ಸಾಗಾಟದ ರಿಸ್ಕ್ ಇಲ್ಲ. ಮುಚ್ಚಿದ ಗೂಡು ಕಟ್ಟುತ್ತೆ, ಪಕ್ಕದಲ್ಲಿ ಸಣ್ಣ ಬಾಗಿಲು, ರಾಬಿನ್‌ನ ತೂಕದ ಅರ್ಧದಷ್ಟೂ ಇಲ್ಲದ ಹಕ್ಕಿ. ಮೊಟ್ಟೆ ಇಟ್ರು, ಕಾವು ಕೊಡ್ತು, ಮರಿನೂ ಬಂತು, ತಂಡದವರಿಗೆ ಎಷ್ಟು ಖುಷಿಯಾಗಿರಬೇಕು. ಆಮೇಲೆ ಮರಿ ಬೆಳೀತಾ ಬೆಳೀತಾ ಸಾಕುತಾಯಿಗೆ ಅದರ ಹೊಟ್ಟೆ ತುಂಬಿಸೋಕೇ ಆಗ್ಲಿಲ್ಲ. ತನಗಿಂತ ದಪ್ಪ ಆಗೋ ಮರಿ, ಬಾಯಿ ತೆಗೆದ್ರೆ ಮುಚ್ಚೋದೇ ಇಲ್ಲ, ಇದು ತರೋದು ಚಿಕ್ಕ ಚಿಕ್ಕ ಹುಳ. ಮೊಟ್ಟೆ ಒಡೆಸೋವರೆಗೆ ವಾರ್ಬ್ಲರ್ ಸರಿ, ಸಾಕೋಕೆ ಅಲ್ಲ ಅಂತ ಗೊತ್ತಾಗೋಕೆ ಒಂದು ಸೀಸನ್ನೇ ಬೇಕಾಯ್ತು. ಐದು ಹಕ್ಕಿ ಇರೋವಾಗ ಒಂದು ಸೀಸನ್ ಅಂದ್ರೆ ಸಣ್ಣ ಬೆಲೆ ಅಲ್ಲ.

ಸರಿಯಾದ ಸಾಕುತಾಯಿ ಯಾರು ಹಂಗಾದ್ರೆ? ಅದೇ ಬಂಧು, ಟಾಮ್‌ಟಿಟ್. ಊಟ ಒಂದೇ ಥರ, ಸಾಕೋ ರೀತಿನೂ ಹತ್ತಿರ. ಮಾಂಗೆರೆಯಲ್ಲಿ ಈಗ ಒಂದೂ ಇಲ್ಲ, ಯಾಕಂದ್ರೆ ನಾಲ್ಕು ವರ್ಷ ಮುಂಚೆ ಇವರೇ ಪೈಪೋಟಿ ಅಂತ ತೆಗೆದುಹಾಕಿದ್ದಾರಲ್ಲ. ಹತ್ತಿರದ ಟಾಮ್‌ಟಿಟ್ ಇರೋದು ರಂಗಟೀರ ದ್ವೀಪದಲ್ಲಿ, ಹದಿನೈದು ಕಿಲೋಮೀಟರ್ ಆಸುಪಾಸು ದೂರ, ಮಧ್ಯೆ ಯಾವಾಗ ಕೆರಳುತ್ತೋ ಹೇಳೋಕಾಗದ ಸಮುದ್ರ. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ನಗೂನೂ ಬರುತ್ತೆ ಸಂಕಟಾನೂ ಆಗುತ್ತೆ. ವೈರಿ ಅಂತ ಹೊರಗೆ ಹಾಕಿದ್ದೋರ ಮನೆ ಬಾಗಿಲಿಗೇ ಮಗು ಎತ್ಕೊಂಡು ಹೋಗಿ ನಿಲ್ಲಬೇಕಾಯ್ತು.

ರಂಗಟೀರ ಬಗ್ಗೆ ಒಂದು ಮಾತು. ಅದು 218 ಹೆಕ್ಟೇರ್ ದ್ವೀಪ, ಇಲಿ ಬೆಕ್ಕು ಇಲ್ಲ, ನೆಲದ ತುಂಬಾ ಕಡಲಹಕ್ಕಿಗಳ ಬಿಲ, ಒಂದರ ಪಕ್ಕ ಒಂದು, ಜರಡಿ ಥರ. ಸುಮ್ನೆ ಕಾಲಿಟ್ರೆ ಕುಸಿದು ಒಳಗಿರೋ ಮರಿ ಮೇಲೆ ಕಾಲು ಬೀಳುತ್ತೆ. ಅದಕ್ಕೆ ಅಲ್ಲಿ ಓಡಾಡೋರು ಚಪ್ಪಲಿ ಕೆಳಗೆ ಅಗಲವಾದ ಹಲಗೆ ಕಟ್ಕೊಂಡು ಬಾತುಕೋಳಿ ಥರ ನಡೀತಾರೆ. ಕಾಲಲ್ಲಿ ಹಲಗೆ, ಕೈಯಲ್ಲಿ ಬೆಚ್ಚಗಿಟ್ಟ ಡಬ್ಬಿ, ಡಬ್ಬಿಯೊಳಗೆ ಕೆನೆ ಬಣ್ಣದ ಮೇಲೆ ಕಂದು ಚುಕ್ಕೆಯ ಎರಡು ಮೊಟ್ಟೆ, ದೋಣಿ ಇಳಿದು ಕಾಡೊಳಗೆ ಹೋಗಿ, ಟಾಮ್‌ಟಿಟ್ ಸರಿಯಾಗಿ ಅದೇ ಹೊತ್ತಿಗೆ ಕಾವಿಗೆ ಕೂತಿರೋ ಗೂಡು ಹುಡುಕಿ, ಅದರ ಮೊಟ್ಟೆ ತೆಗೆದು ಇದನ್ನ ಇಡೋದು. ದಿನ ಹೊಂದಬೇಕು, ಹವಾಮಾನ ಹೊಂದಬೇಕು, ಆ ತಾಯಿ ಒಪ್ಕೋಬೇಕು. ಒಪ್ಕೊಳ್ತು. ಕಾವು ಕೊಡ್ತು, ಉಣಿಸ್ತು, ಮರಿ ಗೂಡು ಬಿಟ್ಟು ಹಾರೋವರೆಗೂ ಸಾಕ್ತು. ಅಲ್ಲಿಂದ ಲೆಕ್ಕ ತಿರುಗಿತು.

ಆದ್ರೆ ಒಂದೆರಡು ಸೀಸನ್ ಆದ್ಮೇಲೆ ಹೊಸ ತಲೆನೋವು. ಟಾಮ್‌ಟಿಟ್ ಮನೆಯಲ್ಲಿ ಬೆಳೆದ ರಾಬಿನ್‌ಗಳು ಟಾಮ್‌ಟಿಟ್ ಥರಾನೇ ಹಾಡ್ತಾ ಇದ್ವು. ಹಾಡಿದ್ರೆ ಹಾಡ್ಲಿ ಬಿಡಿ ಅನ್ನೋಕಾಗಲ್ಲ, ಹಾಡು ಅಂದ್ರೆ ಹಕ್ಕಿಗಳಲ್ಲಿ ಗಂಡು ಹೆಣ್ಣು ನೋಡೋ ಶಾಸ್ತ್ರ. ಕೆಲವು ಟಾಮ್‌ಟಿಟ್‌ಗಳನ್ನೇ ಜೋಡಿ ಮಾಡ್ಕೊಳ್ಳೋಕೆ ಹೋದ್ವು, ಬೆರಕೆ ಮರಿನೂ ಆಯ್ತು. ಇಷ್ಟು ಕಷ್ಟಪಟ್ಟು ಉಳಿಸಿದ ಹಕ್ಕಿಗೆ ತಾನು ಯಾರು ಅಂತಲೇ ಗೊತ್ತಿಲ್ಲ ಅಂದ್ರೆ ಹೇಗೆ. ತಂಡ ಆವಾಗ ಪದ್ಧತಿ ಬದಲಾಯಿಸ್ತು. ಸಾಕುತಾಯಿ ಹತ್ರ ಪೂರ್ತಿ ಬಿಡೋದು ಬೇಡ, ಮರಿ ಹಾರೋಕೆ ಮುಂಚೆ ವಾಪಸ್ ತಂದು ರಾಬಿನ್ ಗೂಡಿಗೇ ಸೇರಿಸೋದು, ಕಡೆಯ ದಿನಗಳು ಸ್ವಂತದವರ ಜೊತೆ ಕಳೀಲಿ ಅಂತ. ಮತ್ತೆ ಡಬ್ಬಿ, ಮತ್ತೆ ಓಡಾಟ. ಕೆಲಸ ಎರಡರಷ್ಟು ಆಯ್ತು, ಆದ್ರೆ ದಾರಿ ಅದೇ ಸರಿ ಇತ್ತು. ರಂಗಟೀರದಲ್ಲೂ ರಾಬಿನ್‌ಗಳನ್ನ ನೆಲೆ ನಿಲ್ಲಿಸಿದ್ರು, ಎಲ್ಲಾ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಬೇಡ ಅಂತ.

ಇದರ ಮಧ್ಯೆ ಗೂಡಿನ ಸೇವೆ ಬೇರೆ. ಗೂಡಿಗೆ ಹುಳ ಹತ್ತಿದ್ರೆ ಔಷಧಿ ಹಾಕೋದು, ಬೇರೆ ಹಕ್ಕಿ ಬಂದು ಕೆಡಿಸದ ಹಾಗೆ ಮರದ ಪೆಟ್ಟಿಗೆ ಇಡೋದು, ದಿನಾ ಹೋಗಿ ಇಣುಕೋದು. ಬಾಣಂತಿ ಮನೆಯಲ್ಲಿ ಇರೋವಷ್ಟು ಆರೈಕೆ.

ಹಳೇ ನೀಲಿನ ಕೊನೇದಾಗಿ ಕಂಡಿದ್ದು 1983ರ ಕೊನೆಗೆ. ಹದಿಮೂರು ವರ್ಷ ಬದುಕಿದ್ಲು, ಮುದಿ ವಯಸ್ಸಲ್ಲೂ ಮೊಟ್ಟೆ ಇಟ್ಲು. ಅವಳು ಹೋದ ಸುದ್ದಿನ ಆ ದೇಶದ ಮಂತ್ರಿಯೊಬ್ಬರು ಅಧಿಕೃತವಾಗಿ ಪ್ರಕಟಿಸಿದ್ರು, ಚಾಟಮ್ ವಿಮಾನ ನಿಲ್ದಾಣದಲ್ಲಿ ಅವಳ ಹೆಸರಲ್ಲಿ ಒಂದು ಫಲಕ ಇದೆ. ಈಗ ಇರೋ ಪ್ರತಿಯೊಂದು ಬ್ಲ್ಯಾಕ್ ರಾಬಿನ್ನೂ ಅವಳ ಮತ್ತು ಹಳೇ ಹಳದಿಯ ವಂಶ, ಬೇರೆ ಮೂಲವೇ ಇಲ್ಲ.

ಅಂಚಿನ ಮೊಟ್ಟೆ

ಈಗ ನಾನು ಹೇಳೋಕೆ ಹೊರಟಿದ್ದ ವಿಷಯ. 1984ರ ಹೊತ್ತಿಗೆ ತಂಡದವರು ಒಂದು ವಿಚಿತ್ರ ಗಮನಿಸಿದ್ರು. ಕೆಲವು ಹೆಣ್ಣುಗಳು ಮೊಟ್ಟೆನ ಗೂಡಿನ ಬಟ್ಟಲೊಳಗೆ ಇಡ್ದೆ ಅಂಚಿನ ಮೇಲೆ ಇಡ್ತಾ ಇದ್ವು. ಬಟ್ಟಲು ಒಳಗಿದೆ, ಮೆತ್ತಗಿದೆ, ಅದನ್ನ ಕಟ್ಟಿದ್ದೂ ಅದೇ ಹಕ್ಕಿ, ಆದ್ರೂ ಮೊಟ್ಟೆ ಅಂಚಲ್ಲಿ. ಅಲ್ಲಿಟ್ಟ ಮೊಟ್ಟೆಗೆ ಅದು ಕಾವು ಕೊಡಲ್ಲ, ತಳ್ಳಿ ಒಳಗೆ ಹಾಕ್ಕೊಳ್ಳೋದೂ ಇಲ್ಲ. ತಣ್ಣಗಾಗಿ ಸತ್ತೋಗುತ್ತೆ, ಇಲ್ಲ ಕೆಳಗೆ ಉರುಳುತ್ತೆ.

ಈಗ ನೀವು ಅಲ್ಲಿ ನಿಂತಿದೀರಿ ಅಂದ್ಕೊಳ್ಳಿ. ಪ್ರಪಂಚದಲ್ಲಿ ಈ ಹಕ್ಕಿ ಇರೋದು ಬೆರಳಲ್ಲಿ ಎಣಿಸೋವಷ್ಟು. ಸಮುದ್ರ ದಾಟಿ, ಕಾಲಿಗೆ ಹಲಗೆ ಕಟ್ಕೊಂಡು ಬಂದು ಗೂಡು ಇಣುಕಿದ್ರೆ ಅಂಚಲ್ಲಿ ಒಂದು ಮೊಟ್ಟೆ, ಇನ್ನೊಂದು ಅರ್ಧ ಇಂಚು ಸರಿದ್ರೆ ಬೀಳುತ್ತೆ. ಬೆರಳಿಂದ ಒಂಚೂರು ಒಳಗೆ ತಳ್ಳಿದ್ರೆ ಒಂದು ಜೀವ. ತಳ್ಳಲ್ವಾ? ತಳ್ಳಿದ್ರು. ಪ್ರತೀ ಸಲ ತಳ್ಳಿದ್ರು. ಮೊಟ್ಟೆ ಒಡೀತು, ಮರಿ ಬಂತು, ಬೆಳೀತು. ಒಂದೊಂದು ಮರಿನೂ ಲೆಕ್ಕಕ್ಕೆ ಸೇರ್ತಾ ಇದ್ದ ಕಾಲ ಅದು.

1989ಕ್ಕೆ ನೋಡಿದ್ರೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಗಳು ಅಂಚಲ್ಲಿ ಮೊಟ್ಟೆ ಇಡ್ತಾ ಇದ್ವು. ಶುರುವಲ್ಲಿ ಎಲ್ಲೋ ಒಂದು ಎರಡು ಇದ್ದಿದ್ದು ಐದೇ ವರ್ಷಕ್ಕೆ ಅರ್ಧ ದಾಟಿತ್ತು.

ಯಾಕೆ ಅಂತ ಗಟ್ಟಿಯಾಗಿ ಗೊತ್ತಾಗಿದ್ದು ತುಂಬಾ ವರ್ಷ ಆದ್ಮೇಲೆ, 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ. ಅದು ಸಾಧ್ಯ ಆಗಿದ್ದೂ ಈ ತಂಡದ ಶಿಸ್ತಿನಿಂದಲೇ ಅನ್ನೋದನ್ನ ಮರೀಬಾರ್ದು, ಯಾವ ಗೂಡಲ್ಲಿ ಯಾವ ಬಳೆ, ಯಾರ ಮಗಳು ಯಾರು, ಯಾವ ಮೊಟ್ಟೆ ಎಲ್ಲಿತ್ತು ಅಂತ ಎಲ್ಲಾ ಬರೆದಿಟ್ಟಿದ್ರು, ವಂಶಾವಳಿ ಬಿಡಿಸಿ ನೋಡೋಕೆ ಆಯ್ತು. ನೋಡಿದ್ರೆ ಈ ಅಂಚಿನ ಚಾಳಿ ರಕ್ತದಲ್ಲಿ ಬರೋದು. ಅದೂ ಹೇಗೆ ಅಂದ್ರೆ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು ಅಂತೇನಿಲ್ಲ, ಒಬ್ಬರಿಂದ ಬಂದ್ರೂ ಸಾಕು, ಮಗಳು ಅಂಚಲ್ಲಿ ಇಡ್ತಾಳೆ. ಗಂಡು ಮೊಟ್ಟೆ ಇಡಲ್ಲ, ಹಾಗಾಗಿ ಅವನಲ್ಲಿ ಇದ್ರೂ ಕಾಣಲ್ಲ, ಸುಮ್ನೆ ಮುಂದಿನವರಿಗೆ ದಾಟಿಸ್ತಾನೆ.

ಕಾಡಲ್ಲಿ ಅದರ ಪಾಡಿಗೆ ಬಿಟ್ಟಿದ್ರೆ ಇದು ಹರಡ್ತಾನೇ ಇರ್ಲಿಲ್ಲ. ಅಂಚಲ್ಲಿಟ್ಟ ಮೊಟ್ಟೆ ಸಾಯುತ್ತೆ, ಅದರ ಜೊತೆ ಆ ಚಾಳಿನೂ ಸಾಯುತ್ತೆ. ಕ್ರೂರ ಅನ್ಸುತ್ತೆ, ಆದ್ರೆ ಪ್ರಕೃತಿಯ ಜರಡಿ ಕೆಲಸ ಮಾಡೋದೇ ಹಾಗೆ. ತಂಡದ ಬೆರಳು ಆ ಜರಡಿಯ ತೂತು ಮುಚ್ತು. ಮೊಟ್ಟೆ ಉಳಿಸಿದ್ವಿ ಅಂದ್ಕೊಂಡಿದ್ರು, ಮೊಟ್ಟೆಯ ಜೊತೆಗೆ ಅಂಚಲ್ಲಿ ಇಡೋ ಗುಣಾನೂ ಉಳಿಸಿದ್ರು. ಎಲ್ಲಾ ಹಕ್ಕಿನೂ ಒಂದೇ ಜೋಡಿಯ ಸಂತಾನ ಆಗಿದ್ರಿಂದ ಅದು ಹರಡೋಕೆ ಅಡ್ಡಿನೂ ಇರ್ಲಿಲ್ಲ. ಇನ್ನೂ ಹತ್ತಿಪ್ಪತ್ತು ವರ್ಷ ಹಾಗೇ ಮುಂದುವರಿದಿದ್ರೆ ಎಲ್ಲಾ ಹೆಣ್ಣೂ ಅಂಚಲ್ಲೇ ಇಡೋ ಕಾಲ ಬರ್ತಿತ್ತು, ಆವಾಗ ಈ ಹಕ್ಕಿ ಬದುಕಬೇಕಂದ್ರೆ ಪ್ರತಿ ಗೂಡಿಗೂ ಒಬ್ಬ ಮನುಷ್ಯ, ಪ್ರತಿ ಮೊಟ್ಟೆಗೂ ಒಂದು ಬೆರಳು, ಕೊನೇವರೆಗೂ.

ನಿಲ್ಲಿಸಿದ್ದು

1989ಕ್ಕೆ ಹಕ್ಕಿ ಸಂಖ್ಯೆ 80 ದಾಟಿತ್ತು. ಆ ಸೀಸನ್ ಆದ್ಮೇಲೆ ಗೂಡಿಗೆ ಕೈ ಹಾಕೋದು ನಿಲ್ಲಿಸಿದ್ರು. ಮೊಟ್ಟೆ ಸಾಗಾಟ ಇಲ್ಲ, ಸಾಕುತಾಯಿ ಇಲ್ಲ, ಅಂಚಿಂದ ತಳ್ಳೋದೂ ಇಲ್ಲ.

ನನ್ನ ಲೆಕ್ಕದಲ್ಲಿ ಈ ಇಡೀ ಕೇಸಲ್ಲಿ ಅತಿ ದೊಡ್ಡ ನಿರ್ಧಾರ ಇದೇ, ಮೊಟ್ಟೆ ಕದ್ದಿದ್ದಲ್ಲ. ಮೊಟ್ಟೆ ಕದಿಯೋವಾಗ ಕಳ್ಕೊಳ್ಳೋಕೆ ಏನೂ ಉಳಿದಿರ್ಲಿಲ್ಲ, ಐದು ಹಕ್ಕಿ, ಏನು ಮಾಡಿದ್ರೂ ಸೈ ಅನ್ನೋ ಪರಿಸ್ಥಿತಿ. 80 ಇರೋವಾಗ ಕೈ ತೆಗೆಯೋದು ಹಾಗಲ್ಲ. ಹತ್ತು ವರ್ಷ ಒಂದೊಂದನ್ನೂ ಬಳೆಯ ಬಣ್ಣ ಹಿಡಿದು ಕರೆದು ಸಾಕಿದೀರಿ, ಬೇಕಾದಷ್ಟು ಜನ ಹೊಗಳ್ತಿದಾರೆ, 80 ಅನ್ನೋದು ಒಂದು ಕೆಟ್ಟ ಚಂಡಮಾರುತಕ್ಕೆ ಅರ್ಧ ಆಗೋ ಸಂಖ್ಯೆ. ಇನ್ನೆರಡು ವರ್ಷ ನೋಡೋಣ, ನೂರೈವತ್ತು ಆಗ್ಲಿ, ಇನ್ನೂರು ಆಗ್ಲಿ ಅಂತ ಅನ್ಸೋದು ಸಹಜ. ನಾನಂತೂ ಹಾಗೇ ಹೇಳ್ತಿದ್ದೆ. ಆಗ ಅವರಿಗೆ ಅಂಚಿನ ಚಾಳಿ ವಂಶಪಾರಂಪರ್ಯ ಅಂತ ಸಾಬೀತಾಗಿರ್ಲಿಲ್ಲ, ಆದ್ರೂ ನಿಲ್ಲಿಸಿದ್ರು.

ನಿಲ್ಲಿಸಿದ ಮೇಲೆ ಹಕ್ಕಿ ಬಿದ್ದು ಹೋಗ್ಲಿಲ್ಲ. ಏರ್ತಾ ಹೋಗಿ ಈಗ 250ರಿಂದ 300ರ ಆಸುಪಾಸು ನಿಂತಿದೆ, ಹೆಚ್ಚಿನವು ರಂಗಟೀರದಲ್ಲಿ, ಉಳಿದವು ಮಾಂಗೆರೆಯಲ್ಲಿ. ಅಲ್ಲಿಂದ ಮುಂದೆ ಏರ್ತಾ ಇಲ್ಲ, ಇರೋ ಕಾಡು ಅಷ್ಟೇ. 2000ರ ದಶಕದಲ್ಲಿ ಪಿಟ್ ದ್ವೀಪದಲ್ಲಿ ಬೇಲಿ ಹಾಕಿದ ಒಂದು ಕಾಡಿಗೆ ಬಿಟ್ಟು ನೋಡಿದ್ರು, ಅಲ್ಲಿ ನೆಲೆ ನಿಲ್ಲಲಿಲ್ಲ. ವಂಶವಾಹಿ ಪರೀಕ್ಷೆ ಮಾಡಿದ್ರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಸಿಗೋದೇ ಕಷ್ಟ, ಅಷ್ಟು ಹತ್ತಿರದ ರಕ್ತ. ಒಂದು ರೋಗ ಹೊಕ್ರೆ ಒಂದಕ್ಕೆ ಆಗಿದ್ದು ಎಲ್ಲಕ್ಕೂ ಆಗಬಹುದು ಅನ್ನೋ ಭಯ ಇದ್ದೇ ಇದೆ. ಹಾಗಾಗಿ "ಉಳಿಸಿಬಿಟ್ರು" ಅಂತ ಚುಕ್ಕಿ ಇಟ್ಟು ಮುಗಿಸೋ ಕೇಸಲ್ಲ ಇದು.

ಟಾಮ್‌ಟಿಟ್‌ಗಳನ್ನ 1980ರ ದಶಕದ ಕೊನೆಗೆ ರಂಗಟೀರದಿಂದ ಮತ್ತೆ ಮಾಂಗೆರೆಗೆ ತಂದು ಬಿಟ್ರು. ಈಗ ಎರಡೂ ಅಲ್ಲೇ ಇವೆ, ಪೈಪೋಟಿಯಿಂದ ಯಾರೂ ಸತ್ತಿಲ್ಲ.

ಈ ಕೇಸನ್ನ ಬೇರೆ ಕಡೆ ಉಪಯೋಗಿಸೋಕೆ ಹೊರಡೋರಿಗೆ ನಾನು ಕೇಳೋ ಪ್ರಶ್ನೆ ಒಂದೇ, ನೀವು ಮಾಡ್ತಿರೋ ಸಹಾಯದಲ್ಲಿ ಯಾವುದು ಡಬ್ಬಿ, ಯಾವುದು ಬೆರಳು. ಮೊಟ್ಟೆ ಸಾಗಿಸಿದ ಡಬ್ಬಿ ಹೊರಗಿನ ಕಷ್ಟಕ್ಕೆ ಉತ್ತರ ಆಗಿತ್ತು, ಕಾಡು ಇಲ್ಲ, ಸಂಖ್ಯೆ ಇಲ್ಲ, ಹಕ್ಕಿಯದ್ದೇನೂ ತಪ್ಪಿಲ್ಲ. ಬೆರಳು ಹಕ್ಕಿಯ ಒಳಗಿನ ದೋಷಕ್ಕೆ ಮುಚ್ಚಳ ಹಾಕ್ತಾ ಇತ್ತು. ಮಾಡೋವಾಗ ಎರಡೂ ಒಂದೇ ಥರ ಕಾಣುತ್ತೆ, ಎರಡರಲ್ಲೂ ಮರಿ ಬದುಕುತ್ತೆ, ಅದೇ ಕಷ್ಟ. ಹೋಗ್ಲಿ, ಪ್ರತಿ ಸಲ ತಳ್ಳಿದ್ದನ್ನ ಬರೆದಾದ್ರೂ ಇಡಿ, ಅವರು ಬರೆದಿಟ್ಟಿದ್ದಕ್ಕೇ ಇವತ್ತು ಇಷ್ಟು ಗೊತ್ತಾಗಿರೋದು.

ಅಂಚಿನ ಮೊಟ್ಟೆ ಲೆಕ್ಕ ಏನಾಯ್ತು ಅಂತ ಕೇಳ್ತೀರಾ. ಬೆರಳು ತೆಗೆದ್ಮೇಲೆ ಜರಡಿ ಮತ್ತೆ ಆಡೋಕೆ ಶುರುವಾಯ್ತು, 2011ಕ್ಕೆ ಅಂಚಲ್ಲಿ ಇಡೋ ಹೆಣ್ಣುಗಳು ನೂರಕ್ಕೆ 9ಕ್ಕೆ ಇಳಿದಿದ್ವು. ಆ 9 ಇನ್ನೂ ಇಡ್ತವೆ. ಸಮೀಕ್ಷೆಗೆ ಹೋದೋರು ಗೂಡು ಇಣುಕಿ, ಮೊಟ್ಟೆ ಅಂಚಲ್ಲಿರೋದನ್ನ ನೋಡಿ, ಪುಸ್ತಕದಲ್ಲಿ ಬರ್ಕೊಂಡು, ಹಲಗೆ ಕಾಲಲ್ಲಿ ನಿಧಾನಕ್ಕೆ ಮುಂದಿನ ಗೂಡಿಗೆ ಹೋಗ್ತಾರೆ.